ಅತ್ತೆಯವರನ್ನು ಪಂಜಾಬಿನ ಘುಮಾನ್‌ಗೆ ಕರೆದೊಯ್ಯಬೇಕು, ಹೋಗಿ ಬಂದವರು ಇದ್ದೀರಾ?

ಕೋಥ್ರೂಡ್ ಸೊಸೆ:
ನಾವು ಹುಬ್ಬಳ್ಳಿ ಕಡೆಯವರು, ಈಗ ಪುಣೆಯಲ್ಲಿದ್ದೇವೆ. ಮನೆಯವರದು ನಾಮದೇವ ಸಿಂಪಿ ಸಮಾಜ. ಅತ್ತೆ ಆಷಾಢ ಏಕಾದಶಿಗೆ ಪಂಢರಪುರ ತಪ್ಪಿಸಿದವರಲ್ಲ. ಮೊನ್ನೆ ಭಜನಾ ಮಂಡಳಿಯಲ್ಲಿ ಯಾರೋ ಹೇಳಿದ್ದಾರೆ, ವಿಠ್ಠಲನ ಭಕ್ತರಾದ ಸಂತ ನಾಮದೇವ ಮಹಾರಾಜರು ಕೊನೆಗಾಲದಲ್ಲಿ ಇದ್ದದ್ದು ಪಂಜಾಬಿನ ಘುಮಾನ್ ಅನ್ನುವ ಹಳ್ಳಿಯಲ್ಲಿ, ಅಲ್ಲಿ ಅವರ ಹೆಸರಿನ ಗುರುದ್ವಾರ ಇದೆ ಅಂತ. ಆಗಿನಿಂದ ಒಂದೇ ಹಟ. ಜೊತೆಗೆ ಜಗಳ ಬೇರೆ: "ಹಾಗಾದ್ರೆ ವಿಠ್ಠಲನ ಗುಡಿ ಮುಂದಿನ ನಾಮದೇವ ಪಾಯರಿ, ಆ ಮೆಟ್ಟಿಲು ಯಾರದು?" ನಾನೇನು ಹೇಳಲಿ? ಅವರಿಗೆ ಮೊಣಕಾಲು ನೋವು, ಹಿಂದಿ ಅಷ್ಟಕ್ಕಷ್ಟೆ. ದಾರಿ, ಅಲ್ಲಿನ ಪದ್ಧತಿ ಗೊತ್ತಿದ್ದವರು ಹೇಳಿ.

ಪಿಂಪ್ರಿ ಮೇಷ್ಟ್ರು:
ನಾನು ಹೋಗಿ ಬಂದಿದ್ದೇನೆ ತಂಗಿ. ಪಾಯರಿಯ ಜಗಳ ಬಗೆಹರಿಯುವುದಲ್ಲ. 1350ರಲ್ಲಿ ನಾಮದೇವರು ದೇಹ ಬಿಟ್ಟದ್ದು ಪಂಢರಪುರದ ಮಹಾದ್ವಾರದ ಆ ಮೆಟ್ಟಿಲ ಹತ್ತಿರವೇ ಅನ್ನುತ್ತಾರೆ ವಾರಕರಿಗಳು, ಅಂದರೆ ಪಂಢರಪುರ ಯಾತ್ರೆಯ ವಿಠ್ಠಲ ಭಕ್ತರು. ಇಲ್ಲ, ನಮ್ಮೂರಲ್ಲೇ ಅನ್ನುತ್ತಾರೆ ಘುಮಾನಿನವರು. ಎರಡೂ ಕಡೆ ಕೈಮುಗಿಯಲಿ ಬಿಡಿ.

ಒಂದು ಮಾತು ಮಾತ್ರ ಮೊದಲೇ ಹೇಳಿಬಿಡಿ. ಗುರುದ್ವಾರದಲ್ಲಿ ಪೂಜೆ ನಡೆಯುವುದು ವಿಠ್ಠಲನ ಮೂರ್ತಿಗಲ್ಲ, ಎಲ್ಲರೂ ತಲೆ ಬಾಗುವುದು ಸಿಖ್ಖರ ಪವಿತ್ರ ಗ್ರಂಥ ಗುರು ಗ್ರಂಥ ಸಾಹಿಬ್‌ಗೆ. ತುಳಸಿಮಾಲೆ, ಬುಕ್ಕಿಟ್ಟು ಹುಡುಕಿದರೆ ಬೇಜಾರಾಗುತ್ತದೆ. ಆದರೆ ಆ ಗ್ರಂಥದ ಒಳಗೇ ನಾಮದೇವರ 61 ಪದಗಳಿವೆ. ಅತ್ತೆಗೆ ಗೊತ್ತಿರುವ ಮರಾಠಿ ಅಭಂಗಗಳಲ್ಲ, ಉತ್ತರದ ಭಾಷೆಯವು. ರಾಗಿಗಳು, ಅಂದರೆ ಅಲ್ಲಿನ ಕೀರ್ತನೆ ಹಾಡುವವರು, ಹಾರ್ಮೋನಿಯಂ, ತಬಲಾ ಇಟ್ಟುಕೊಂಡು ಹಾಡುತ್ತಾರೆ. ಅವುಗಳಲ್ಲಿ 'ಬೀಠಲ' ಅಂತ ನಮ್ಮ ವಿಠ್ಠಲನೇ ಬರುತ್ತಾನೆ. ದರ್ಶನ ಮಾಡಿ ಓಡಿ ಬರಬೇಡಿ. ಕೀರ್ತನೆಗೆ ಕೂರಿಸಿ, ಹೋಗಿದ್ದಕ್ಕೆ ಅದೇ ಸಾರ್ಥಕ. ಕಟ್ಟಡ ನೋಡುವುದಕ್ಕಾದರೆ ಅಮೃತಸರವೇ ಸಾಕಲ್ವಾ?

ಇನ್ನೊಂದು ವಿಷಯ ಸಿಂಪಿಗರಿಗೆ ಖುಷಿ ಕೊಡುತ್ತದೆ. ಪಂಜಾಬಿನ ಛೀಂಬಾ ಜನರೂ ಬಟ್ಟೆ ಹೊಲಿಯುವ, ಅಚ್ಚು ಹಾಕುವ ಕಸುಬಿನವರು. ಅವರಿಗೂ ನಾಮದೇವರೇ ಹಿರಿಯರು. ಅತ್ತೆ ಯಾರ ಹತ್ತಿರವಾದರೂ ಮಾತು ಶುರು ಮಾಡಿದರೆ ಹಿಂದಿ ಬರದಿದ್ದರೂ ನಡೆದುಹೋಗುತ್ತದೆ!

ಊರು ಗುರುದಾಸಪುರ ಜಿಲ್ಲೆಯಲ್ಲಿದೆ, ಬಟಾಲಾ ಹತ್ತಿರ. ಪುಣೆಯಿಂದ ಝೇಲಂ ಎಕ್ಸ್‌ಪ್ರೆಸ್‌ನಲ್ಲಿ ಜಾಲಂಧರ್ ಕ್ಯಾಂಟ್‌ವರೆಗೆ ಹೋಗಿ, ಮುಂದೆ ಟ್ಯಾಕ್ಸಿ ಮಾಡಿ. ಮೊಣಕಾಲಿನವರಿಗೆ ಬಸ್ಸು ಬದಲಿಸುವ ಗೋಳು ಬೇಡ. ತಲೆ ಮುಚ್ಚಲು ಸೆರಗು ಸಾಕು. ಚಪ್ಪಲಿ ಬಿಟ್ಟು ಕಾಲು ತೊಳೆಯಬೇಕು. ತಂಬಾಕು, ಗುಟ್ಕಾ ಯಾರ ಜೇಬಲ್ಲೂ ಇರಬಾರದು, ಇದು ಗಂಡಸರಿಗೆ ಹೇಳಿದ್ದು. ಪ್ರಸಾದವನ್ನು ಎರಡೂ ಕೈ ಜೋಡಿಸಿ ತೆಗೆದುಕೊಳ್ಳಿ. ತುಪ್ಪ ಸುರಿಯುವ ಗೋಧಿ ಹಲ್ವ, ಸಕ್ಕರೆ ಕಾಯಿಲೆ ಇದ್ದರೆ ಸ್ವಲ್ಪ ಕೊಡಿ ಅಂದರೆ ಕೊಡುತ್ತಾರೆ. ಲಂಗರ್‌ನಲ್ಲಿ, ಅಂದರೆ ಗುರುದ್ವಾರದ ದಾಸೋಹದಲ್ಲಿ, ನೆಲದ ಮೇಲೆ ಸಾಲಾಗಿ ಊಟ. ಕೂರಲಾಗುವುದಿಲ್ಲ ಅಂತ ಸೇವಾದಾರರಿಗೆ ಮೊದಲೇ ಹೇಳಿ.

ಡೊಂಬಿವಲಿಯಿಂದ ರಾಯಚೂರು ಹುಡುಗ:
ಅಕ್ಕಾ, ಘುಮಾನ್‌ನಲ್ಲಿ ನಾಮದೇವರ ಮೇಳ ನಡೆಯುವುದು ಸಂಕ್ರಾಂತಿ ಆಸುಪಾಸಿಗೆ. ಯಾರಾದರೂ ಆಗಲೇ ಬನ್ನಿ ಅಂದರೆ ಕೇಳಬೇಡಿ. ಜನವರಿಯ ಮಂಜಿಗೆ ಅಲ್ಲಿ ರೈಲು ಗಂಟೆಗಟ್ಟಲೆ ತಡ, ಚಳಿಗೆ ಕೀಲು ನೋವು ಜಾಸ್ತಿ. ಅಂದಹಾಗೆ, 2015ರ ಮರಾಠಿ ಸಾಹಿತ್ಯ ಸಮ್ಮೇಳನ ಇದೇ ಘುಮಾನ್‌ನಲ್ಲಿ ಆಗಿತ್ತು. ಭಜನಾ ಮಂಡಳಿಯಲ್ಲಿ ಆಗ ಹೋದವರು ಇದ್ದೇ ಇರುತ್ತಾರೆ, ಕೇಳಿ ನೋಡಿ.

ಕೋಥ್ರೂಡ್ ಸೊಸೆ:
ಮೇಷ್ಟ್ರೇ, ಅತ್ತೆಗೆ ಓದಿ ಹೇಳಿದೆ. 'ಬೀಠಲ' ಬರುವ ಪದ ಯಾವುದು, ಕಲಿತುಕೊಂಡೇ ಹೋಗುತ್ತೇನೆ ಅಂತಿದ್ದಾರೆ. ಮಾರ್ಚ್‌ಗೆ ಟಿಕೆಟ್ ನೋಡುತ್ತಿದ್ದೇವೆ. ಕೆಳಗಿನ ಬರ್ತ್ ಸಿಗಬೇಕಷ್ಟೆ.