ಟೂರಿಂಗ್ ಬೂಟು, ಆಲ್ಪೈನ್ ಬೂಟು: ಎರಡಕ್ಕೂ ಒಂದೇ ಬೈಂಡಿಂಗ್ ಆಗುತ್ತಾ?

ಪ್ರಶ್ನೆ: ನನ್ನ ಹತ್ತಿರ ಇರುವುದು ಒಂದೇ ಜೋಡಿ ಸ್ಕೀ. ಅದರ ಮೇಲೆ ಮಾಮೂಲಿ ಆಲ್ಪೈನ್ ಬೈಂಡಿಂಗ್ (ಬೂಟನ್ನು ಸ್ಕೀಗೆ ಹಿಡಿದಿಡುವ ಭಾಗ) ಇದೆ, ಹಳೆಯದು. ಇಷ್ಟು ದಿನ ಇಳಿಜಾರಿಗೆ ಅಂತಲೇ ಇರುವ ಆಲ್ಪೈನ್ ಬೂಟು ಹಾಕುತ್ತಿದ್ದೆ. ಈಗ ಬೆಟ್ಟ ಹತ್ತಲೂ ಆಗುವ ಟೂರಿಂಗ್ ಬೂಟು ಕೊಂಡಿದ್ದೇನೆ. ಮನೆಯಲ್ಲಿ ಸುಮ್ನೆ ಬೈಂಡಿಂಗ್‌ಗೆ ಹಾಕಿ ನೋಡಿದೆ. ಸ್ವಲ್ಪ ಬಿಗಿ ಅನಿಸಿತು, ಆದರೂ ಟಕ್ ಅಂತ ಕೂತಿತು. ನಡೆಯಲು ಇದೇ ಆರಾಮ. ಹಾಗಾದರೆ ಇಳಿಜಾರಿಗೂ ಇದನ್ನೇ ಹಾಕಿಕೊಳ್ಳಬಹುದು ಅಲ್ವಾ?

ಉತ್ತರ (ಸ್ಕೀ ತಂತ್ರಜ್ಞ): ದಯವಿಟ್ಟು ಬೇಡ. ಆ ‘ಟಕ್’ ಶಬ್ದ ಬಹಳ ಜನರನ್ನು ಮೋಸ ಮಾಡಿದೆ. ಬೂಟು ಒಳಗೆ ಹೋಯಿತು ಅಂತ ಅದು ಹೇಳುತ್ತದೆ. ಬಿದ್ದಾಗ ಹೊರಗೆ ಬರುತ್ತದಾ ಅನ್ನುವುದನ್ನು ಹೇಳುವುದಿಲ್ಲ. ನಮಗೆ ಬೇಕಾಗಿರುವುದು ಎರಡನೆಯದು.

ಎರಡೂ ಬೂಟನ್ನು ತಲೆಕೆಳಗು ಮಾಡಿ ಪಕ್ಕಪಕ್ಕ ಇಟ್ಟು ನೋಡಿ. ಆಲ್ಪೈನ್ ಬೂಟಿನ ಅಟ್ಟೆ ಹಲಗೆ ಥರ ಚಪ್ಪಟೆ, ಗಟ್ಟಿ ಪ್ಲಾಸ್ಟಿಕ್ಕು, ನುಣುಪು. ದೊಡ್ಡವರ ಬೂಟಿನಲ್ಲಿ ಮುಂತುದಿ 19 ಮಿಲಿಮೀಟರ್ ದಪ್ಪ, ಹಿಮ್ಮಡಿ 30. ಒಂದು ಮಿಲಿಮೀಟರ್ ಹೆಚ್ಚುಕಡಿಮೆ ಮಾತ್ರ ಇರಬಹುದು. ಇದು ಐಎಸ್‌ಒ (ಅಂತರರಾಷ್ಟ್ರೀಯ ಮಾನಕ ಸಂಸ್ಥೆ) 5355 ಅಳತೆ. ಟೂರಿಂಗ್ ಬೂಟಿನದು ಐಎಸ್‌ಒ 9523. ಅದರ ಅಟ್ಟೆ ರಬ್ಬರು, ಗಾಡಿ ಟೈರಿನ ಥರ ಹಲ್ಲು ಹಲ್ಲು, ಮುಂದೆ ದೋಣಿಯ ಹಾಗೆ ಮೇಲಕ್ಕೆ ಬಾಗಿರುತ್ತದೆ. ಮುಂತುದಿ ಆಲ್ಪೈನ್‌ಗಿಂತ ದಪ್ಪ. ನಿಮಗೆ ಬಿಗಿ ಅನಿಸಿದ್ದು ಅದಕ್ಕೇ.

ಬೈಂಡಿಂಗಿನ ಮುಂಭಾಗದಲ್ಲಿ, ಬೂಟಿನ ತುದಿ ಕೂರುವ ಕಡೆ ಒಂದು ಚಿಕ್ಕ ತಟ್ಟೆ ಇದೆಯಲ್ಲ, ಅದನ್ನು ಎಎಫ್‌ಡಿ ಅನ್ನುತ್ತೇವೆ. ಕಾಲು ತಿರುಚಿದಾಗ ಬೂಟು ಪಕ್ಕಕ್ಕೆ ಜಾರಿ ಹೊರಬರಲಿ ಅಂತ ಅದು ಇರುವುದು. ನುಣುಪು ಪ್ಲಾಸ್ಟಿಕ್ ಅದರ ಮೇಲೆ ಸಲೀಸಾಗಿ ಜಾರುತ್ತದೆ. ರಬ್ಬರ್ ಕಚ್ಚಿ ಹಿಡಿಯುತ್ತದೆ.

ಒಮ್ಮೆ ಒಬ್ಬರು ನಿಮ್ಮಂಥದ್ದೇ ಜೋಡಿ ತಂದಿದ್ದರು. ಬೆಂಚಿಗೆ ಸ್ಕೀ ಬಿಗಿದು, ಆಲ್ಪೈನ್ ಬೂಟು ಹಾಕಿ ಅದರ ತುದಿಯನ್ನು ಸ್ವಲ್ಪ ಪಕ್ಕಕ್ಕೆ ತಳ್ಳಿದೆ. ಕೈ ಬಿಟ್ಟ ತಕ್ಷಣ ನಡುವಿಗೆ ಬಂತು. ಟೂರಿಂಗ್ ಬೂಟು ಹಾಕಿ ಅಷ್ಟೇ ತಳ್ಳಿದೆ. ಅರ್ಧ ಇಂಚು ಸರಿದು ಅಲ್ಲೇ ನಿಂತಿತು. ಕೈ ಬಿಟ್ಟರೂ ವಾಪಸ್ ಬರಲಿಲ್ಲ. ಆಮೇಲೆ ಟಾರ್ಕ್ (ತಿರುಚುವ ಬಲ) ಅಳೆಯುವ ಉಪಕರಣ ಹಾಕಿದೆ. ಬೂಟು ಬಿಡಬೇಕಾದ ಮಟ್ಟ ದಾಟಿ ಮುಳ್ಳು ಮೇಲೆ ಹೋಗುತ್ತಲೇ ಇತ್ತು, ಬೂಟು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ನಾನೇ ನಿಲ್ಲಿಸಿದೆ. ಇಳಿಜಾರಿನಲ್ಲಿ ಆ ಜಾಗದಲ್ಲಿ ಇರುವುದು ಮೊಣಕಾಲು ಮತ್ತು ಕಣಕಾಲಿನ ಮೂಳೆ.

ಇನ್ನೊಬ್ಬ ಸದಸ್ಯರು: ಹಾಗಿದ್ದರೆ ಟೂರಿಂಗ್ ಬೂಟು ಹಾಕುವ ದಿನ ಡಿನ್ (ಬೂಟು ಎಷ್ಟು ಬಲಕ್ಕೆ ಬಿಡಬೇಕು ಅನ್ನುವ ಬೈಂಡಿಂಗಿನ ಸೆಟ್ಟಿಂಗ್) ಒಂದೆರಡು ಅಂಕ ಇಳಿಸಿದರೆ ಆಯಿತಲ್ಲ? ನಾನು ಹಾಗೇ ಮಾಡುತ್ತೇನೆ, ಏನೂ ಆಗಿಲ್ಲ.

ಉತ್ತರ: ಏನೂ ಆಗಿಲ್ಲ ಅಂದರೆ ಇನ್ನೂ ಸರಿಯಾಗಿ ಬಿದ್ದಿಲ್ಲ ಅಂತ! ತಮಾಷೆ ಬಿಡಿ. ಡಿನ್ ಅಂಕ ಹೇಳುವುದು ಸ್ಪ್ರಿಂಗಿನ ಬಿಗಿ. ರಬ್ಬರಿನ ಹಿಡಿತ ಅದರ ಮೇಲೆ ಬೇರೆಯಾಗಿ ಸೇರುತ್ತದೆ, ಅದೂ ಒಂದೇ ಸಮ ಇರುವುದಿಲ್ಲ. ಅಟ್ಟೆ ಒದ್ದೆ ಇದ್ದರೆ ಒಂದು, ಹಲ್ಲಿನ ಸಂದಿಯಲ್ಲಿ ಮರಳೋ ಐಸೋ ಸಿಕ್ಕಿದ್ದರೆ ಇನ್ನೊಂದು. ದಿನಾ ಬದಲಾಗುವ ಲೆಕ್ಕವನ್ನು ಎರಡು ಅಂಕದಲ್ಲಿ ಹೇಗೆ ಕಳೆಯುತ್ತೀರಿ? ಜೊತೆಗೆ ಹಿಮ್ಮಡಿಯ ಅಂಕವನ್ನೂ ಇಳಿಸಿದರೆ ಅದು ಬೇಡದ ಹೊತ್ತಿನಲ್ಲಿ ಬಿಟ್ಟುಕೊಡುತ್ತದೆ. ಮುಂದೆ ಬಿಡುವುದಿಲ್ಲ, ಹಿಂದೆ ನಿಲ್ಲುವುದಿಲ್ಲ. ಎರಡೂ ಕಡೆ ನಷ್ಟ.

ಮತ್ತೊಬ್ಬರು: ನನ್ನ ಬೈಂಡಿಂಗಿನಲ್ಲಿ ಮುಂಭಾಗದ ಎತ್ತರ ಹೆಚ್ಚುಕಡಿಮೆ ಮಾಡಲು ಸ್ಕ್ರೂ ಇದೆ. ಆಗ ಸರಿನಾ?

ಉತ್ತರ: ಸ್ಕ್ರೂ ಇದೆ ಅಂದಮಾತ್ರಕ್ಕೆ ಸರಿ ಅಲ್ಲ. ಕೆಲವು ಆಲ್ಪೈನ್ ಬೈಂಡಿಂಗಿನ ಸ್ಕ್ರೂ ಅಟ್ಟೆ ಸ್ವಲ್ಪ ಸವೆದಿದ್ದರೆ ಹೊಂದಿಸಿಕೊಳ್ಳಲಿ ಅಂತ ಮಾತ್ರ ಕೊಟ್ಟಿರುವುದು. ಟೂರಿಂಗ್ ಅಟ್ಟೆಗೆ ಎತ್ತರದ ಜೊತೆ ಪಕ್ಕಕ್ಕೆ ಸರಿಯುವ ತಟ್ಟೆಯೂ ಬೇಕು. ಬೂಟು ತೆಗೆದು ಆ ತಟ್ಟೆಯನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ಒತ್ತಿ ನೋಡಿ. ತಟ್ಟೆಯೇ ಜಾರಿದರೆ ಒಳ್ಳೆಯ ಸೂಚನೆ, ಯಾಕೆಂದರೆ ರಬ್ಬರ್ ಕಚ್ಚಿದರೂ ತಟ್ಟೆ ಬೂಟಿನ ಜೊತೆ ಹೋಗುತ್ತದೆ. ಆದರೂ ಕೊನೆಯ ಮಾತು ತಯಾರಕರದ್ದು. ಬೈಂಡಿಂಗ್ ಮೇಲೆ ಅಥವಾ ಅದರ ಕೈಪಿಡಿಯಲ್ಲಿ 9523 ಅಂತ ಇರಬೇಕು. ಸಾಲೊಮನ್, ಅಟಾಮಿಕ್‌ನವರು ಇದನ್ನು ಎಂಎನ್‌ಸಿ ಅನ್ನುತ್ತಾರೆ, ಮಾರ್ಕರ್‌ನವರು ಸೋಲ್ ಐಡಿ ಅನ್ನುತ್ತಾರೆ.

ಇಂಥ ಬೈಂಡಿಂಗ್ ಇದ್ದರೂ ಬೂಟು ಬದಲಾಯಿಸಿದಾಗಲೆಲ್ಲ ಎತ್ತರ ಹೊಂದಿಸಲೇಬೇಕು. ಇದನ್ನೇ ಜನ ಮರೆಯುವುದು. ಬೂಟು ಹಾಕಿ, ಅಟ್ಟೆ ಮತ್ತು ತಟ್ಟೆಯ ನಡುವೆ ಕೈಪಿಡಿ ಹೇಳಿದಷ್ಟು ಸಂದು ಬರುವ ತನಕ ಸ್ಕ್ರೂ ತಿರುಗಿಸಬೇಕು. ಮಾರ್ಕರ್ ಟೂರಿಂಗ್ ಅಟ್ಟೆಗೆ ಹೇಳುವುದು ಅರ್ಧ ಮಿಲಿಮೀಟರ್. ‘ಹೋದ ಸಲ ಆರು ಸುತ್ತು ತಿರುಗಿಸಿದ್ದೆ’ ಅನ್ನುವ ನೆನಪಿನ ಮೇಲೆ ನಂಬಿಕೆ ಬೇಡ, ಪ್ರತಿ ಸಲ ಅಳೆಯಿರಿ.

ಅಟ್ಟೆಯ ಉದ್ದವೂ ಇದೆ. ಬೂಟಿನ ಹಿಮ್ಮಡಿಯ ಪಕ್ಕದಲ್ಲಿ 305, 297 ಅಂತ ಮಿಲಿಮೀಟರಿನಲ್ಲಿ ಬರೆದಿರುತ್ತದೆ. ಎರಡೂ ಬೂಟು 26.5 ಸೈಜೇ ಆದರೂ ಈ ಸಂಖ್ಯೆ ಬೇರೆ ಇರಬಹುದು. ಆಗ ಬೈಂಡಿಂಗಿನ ಹಿಮ್ಮಡಿ ತುಂಡನ್ನು ಸರಿಸಿ ಫಾರ್ವರ್ಡ್ ಪ್ರೆಶರ್ (ಆ ತುಂಡು ಬೂಟನ್ನು ಮುಂದಕ್ಕೆ ಒತ್ತುವ ಬಲ) ಮತ್ತೆ ಹೊಂದಿಸಬೇಕು. ಡಿನ್ ಪಟ್ಟಿಯಲ್ಲೂ ಅಟ್ಟೆಯ ಉದ್ದಕ್ಕೆ ಒಂದು ಕಾಲಂ ಇದೆ, ಅಂಕ ಬದಲಾಗುತ್ತದಾ ನೋಡಿಕೊಳ್ಳಿ.

ಪ್ರಶ್ನೆ ಕೇಳಿದವರು: ಈಗ ಬೂಟು ತಿರುಗಿಸಿ ನೋಡಿದೆ. ಅಟ್ಟೆಯ ಮೇಲೆ ಗ್ರಿಪ್‌ವಾಕ್ ಅಂತ ಇದೆ, ಮುಂತುದಿಯಲ್ಲಿ ಎರಡು ಲೋಹದ ಗುಳಿಗಳೂ ಇವೆ. 9523 ಎಲ್ಲೂ ಇಲ್ಲ. ಇದು ಟೂರಿಂಗ್ ಬೂಟೇ ಅಲ್ವಾ?

ಉತ್ತರ: ಟೂರಿಂಗ್ ಬೂಟೇ, ಆದರೆ ಅಟ್ಟೆ ಮೂರನೇ ಜಾತಿ! ಇದು ನಿಮ್ಮ ಅದೃಷ್ಟ. ಗ್ರಿಪ್‌ವಾಕ್‌ಗೆ ಐಎಸ್‌ಒ 23223 ಅಂತ ಬೇರೆಯೇ ಅಳತೆ ಇದೆ. ನಡೆಯುವ ಜಾಗದಲ್ಲಿ ರಬ್ಬರು, ಬೈಂಡಿಂಗಿನ ತಟ್ಟೆ ತಾಗುವ ಜಾಗದಲ್ಲಿ ಮಾತ್ರ ಗಟ್ಟಿ ನುಣುಪು ತುಂಡು. ಬೆರಳಾಡಿಸಿ ನೋಡಿ, ಗೊತ್ತಾಗುತ್ತದೆ. ನಿಮ್ಮ ಹಳೆಯ ಬೈಂಡಿಂಗಿಗೆ ಇದೂ ಆಗುವುದಿಲ್ಲ. ಆದರೆ ಗ್ರಿಪ್‌ವಾಕ್ ಗುರುತಿನ ಬೈಂಡಿಂಗ್ ಹಾಕಿಸಿದರೆ ನಿಮ್ಮ ಆಲ್ಪೈನ್ ಬೂಟು, ಈ ಬೂಟು ಎರಡೂ ಕೂರುತ್ತವೆ. ಪೂರ್ತಿ 9523 ಅಟ್ಟೆ ಮಾತ್ರ ಅದರಲ್ಲಿ ಆಗುವುದಿಲ್ಲ.

ಆ ಲೋಹದ ಗುಳಿಗಳು ಪಿನ್ ಬೈಂಡಿಂಗಿಗೆ. ಎರಡು ಪಿನ್ ಬಂದು ಅಲ್ಲಿ ಕೂರುತ್ತವೆ, ಹಿಮ್ಮಡಿ ಎತ್ತಿ ಬೆಟ್ಟ ಹತ್ತಬಹುದು. ಮಾಮೂಲಿ ಆಲ್ಪೈನ್ ಬೂಟಿಗೆ ಈ ಗುಳಿ ಇರುವುದಿಲ್ಲ, ಹಾಗಾಗಿ ಅದನ್ನು ಪಿನ್ ಬೈಂಡಿಂಗಿಗೆ ಹಾಕುವ ಮಾತೇ ಇಲ್ಲ. ಡ್ರಿಲ್ ಹಿಡಿದು ತೂತು ಮಾಡಿಕೊಳ್ಳುತ್ತೇನೆ ಅಂದವರನ್ನೂ ನೋಡಿದ್ದೇನೆ, ಕೈಮುಗಿದು ವಾಪಸ್ ಕಳಿಸಿದ್ದೇನೆ.

ಪ್ರಶ್ನೆ ಕೇಳಿದವರು: ಗ್ರಿಪ್‌ವಾಕ್ ಬೈಂಡಿಂಗ್ ಹಾಕಿಸಿದರೆ ಅದರಲ್ಲೇ ಹತ್ತಲೂ ಆಗುತ್ತಾ?

ಉತ್ತರ: ಇಲ್ಲ. ಆಲ್ಪೈನ್ ಬೈಂಡಿಂಗಿನಲ್ಲಿ ಹಿಮ್ಮಡಿ ಏಳುವುದಿಲ್ಲ. ಒಂದೇ ಸ್ಕೀಯಲ್ಲಿ ಹತ್ತಿ ಇಳಿಯಬೇಕು ಅಂದರೆ 2018ರಲ್ಲಿ ಬಂದ ಸಾಲೊಮನ್ ಶಿಫ್ಟ್ ಥರದ್ದು ನೋಡಿ. ಹತ್ತುವಾಗ ಪಿನ್, ಇಳಿಯುವಾಗ ಆಲ್ಪೈನ್ ಹಿಡಿತ. ನಿಮ್ಮ ಎರಡೂ ಬೂಟಿನಲ್ಲಿ ಇಳಿಯಬಹುದು, ಹತ್ತಲು ಗುಳಿ ಇರುವ ಬೂಟೇ ಬೇಕು. ತೂಕ ಶುದ್ಧ ಪಿನ್ ಬೈಂಡಿಂಗಿಗಿಂತ ಜಾಸ್ತಿ. ವಾರಕ್ಕೊಮ್ಮೆ ಉದ್ದದ ಹತ್ತುವಿಕೆ ಮಾಡುವವರಾದರೆ ನಾನು ಬೇರೆ ಸ್ಕೀಯನ್ನೇ ಹೇಳುತ್ತೇನೆ. ವರ್ಷಕ್ಕೆ ನಾಲ್ಕೈದು ಸಲ ಅಂದರೆ ಇದು ಸಾಕು.

ಯಾವುದನ್ನೇ ಹಾಕಿಸಿ, ತಂತ್ರಜ್ಞರ ಹತ್ತಿರ ಎರಡೂ ಜೊತೆ ಬೂಟು ತೆಗೆದುಕೊಂಡು ಹೋಗಿ. ಒಂದನ್ನೇ ಕೊಟ್ಟರೆ ತೂತು ಅದರ ಅಳತೆಗೆ ಬೀಳುತ್ತದೆ, ಇನ್ನೊಂದಕ್ಕೆ ಹಿಮ್ಮಡಿ ತುಂಡು ಸರಿಯಲು ಜಾಗ ಸಾಲದೆ ಹೋಗಬಹುದು. ಸ್ಕೀಯಲ್ಲಿ ಹಳೆಯ ತೂತುಗಳೂ ಇವೆ. ಹೊಸವು ಅವಕ್ಕೆ ತೀರಾ ಹತ್ತಿರ ಬರುತ್ತವಾ ಅಂತ ಡ್ರಿಲ್ ಶುರು ಮಾಡುವ ಮೊದಲೇ ಕೇಳಿ.