ಹೈಡ್ರೈಡ್ ಪೀಕ್ ಸೀಳುತ್ತಿಲ್ಲ, ಸುಮ್ನೆ ದಪ್ಪಗೆ ಬರುತ್ತಿದೆ

ನಾಲ್ಕನೇಬೆಂಚು: ತಲೆ ಕೆಟ್ಟುಹೋಗಿದೆ. ಒಂದು ಲೋಹದ ಹೈಡ್ರೈಡ್ ಕಾಂಪ್ಲೆಕ್ಸ್ (ಲೋಹಕ್ಕೆ ಹೈಡ್ರೋಜನ್ ಅಂಟಿದ್ದು) ಮಾಡಿದ್ದೇನೆ. ಪ್ರೋಟಾನ್ ಎನ್‌ಎಮ್‌ಆರ್‌ನಲ್ಲಿ (ಹೈಡ್ರೋಜನ್‌ಗಳನ್ನು ಮ್ಯಾಗ್ನೆಟ್‌ನಲ್ಲಿಟ್ಟು ನೋಡುವ ಅಳತೆ) -8 ಪಿಪಿಎಂ ಹತ್ತಿರ ಒಂದು ದಪ್ಪ ಪೀಕ್. ಲೋಹದ ಮೇಲೆ ಫಾಸ್ಫೀನ್ (ಫಾಸ್ಫರಸ್ ಇರುವ ಅಣು) ಇದೆ, ಆ ಫಾಸ್ಫರಸ್‌ನಿಂದ ಪೀಕ್ ಹಲವು ಗೆರೆಯಾಗಿ ಸೀಳಬೇಕಲ್ವಾ? ಇನ್ನೊಂದು ಹೈಡ್ರೈಡ್ ಪೀಕ್ ಮಾತ್ರ ನೀಟಾಗಿ ಐದು ಗೆರೆ. ಟ್ಯೂಬ್, ದ್ರಾವಕ ಎಲ್ಲಾ ಬದಲಿಸಿದೆ. ಎಕ್ಸ್‌ರೇ ರಚನೆಯಲ್ಲೂ ಲೋಹದ ಒಂದು ಪಕ್ಕ ಖಾಲಿ ಕಾಣುತ್ತದೆ.

ಶಿಮ್‌ಮಾಸ್ಟರ್: ಶಿಮ್ (ಮ್ಯಾಗ್ನೆಟ್‌ನ ಕ್ಷೇತ್ರ ಎಲ್ಲಾ ಕಡೆ ಸಮ ಮಾಡುವುದು) ಕೆಟ್ಟಿದೆ. ಮತ್ತೆ ಮಾಡಿ.

ನಾಲ್ಕನೇಬೆಂಚು: ದ್ರಾವಕದ ಪೀಕ್ ಸೂಜಿ ಥರ ಇದೆ.

ಶಿಮ್‌ಮಾಸ್ಟರ್: ಹಾಗಾದರೆ ಪ್ಯಾರಾಮ್ಯಾಗ್ನೆಟಿಕ್ (ಜೋಡಿಯಿಲ್ಲದ ಎಲೆಕ್ಟ್ರಾನ್ ಇದ್ದು ಪೀಕ್ ದಪ್ಪ ಮಾಡುವ) ಕಲ್ಮಶ. ನೂರಕ್ಕೆ ನೂರು.

ಡಿ_ಆರು: ಕಲ್ಮಶ ಇದ್ದರೆ ಪಕ್ಕದ ಐದು ಗೆರೆಯೂ ದಪ್ಪ ಆಗಬೇಕಿತ್ತು. ಲೋಹ ಯಾವುದು? ಹೇಗೆ ಮಾಡಿದಿರಿ?

ಶಿಮ್‌ಮಾಸ್ಟರ್: ಲೋಹ ಯಾವುದಾದರೇನು, ಮೊದಲು ಸೋಸಿ ನೋಡಲಿ.

ನಾಲ್ಕನೇಬೆಂಚು: ಕಬ್ಬಿಣ, ಎರಡು ಡಿಪಿಪಿಇ (ಎರಡೆರಡು ಫಾಸ್ಫರಸ್ ಇರುವ ಫಾಸ್ಫೀನ್). ಡೈಹೈಡ್ರೈಡ್‌ಗೆ ಟೆಟ್ರಾಫ್ಲೋರೋಬೋರಿಕ್ ಆಮ್ಲ ಹಾಕಿದ್ದು. ಪೀಕ್‌ಗಳ ವಿಸ್ತೀರ್ಣದ ಪ್ರಕಾರ ದಪ್ಪದ್ದು 2 ಹೈಡ್ರೋಜನ್, ಐದು ಗೆರೆಯದ್ದು 1. ಟ್ರೈಹೈಡ್ರೈಡ್ (ಮೂರು ಬಿಡಿ ಹೈಡ್ರೈಡ್) ಅಂತ ಬರೆದಿದ್ದೆ, ಲೋಹದ ಸುತ್ತ ಸ್ಥಿರತೆಗೆ ಬೇಕಾದ 18 ಎಲೆಕ್ಟ್ರಾನ್ ಸರಿಹೋಗುತ್ತದೆ.

ಡಿ_ಆರು: ಇಷ್ಟು ಮೊದಲೇ ಬೇಕಿತ್ತು! ಅದು ಟ್ರೈಹೈಡ್ರೈಡ್ ಅಲ್ಲ. ಒಂದು ಹೈಡ್ರೈಡ್, ಅದರ ಎದುರು ಒಂದು ಇಡೀ ಎಚ್2. ಎಲೆಕ್ಟ್ರಾನ್ ಲೆಕ್ಕ ಇದನ್ನು ತೀರ್ಮಾನ ಮಾಡುವುದಿಲ್ಲ: ಕಬ್ಬಿಣ(4), ಅಂದರೆ ಆಕ್ಸಿಡೇಶನ್ ಸ್ಥಿತಿ +4, ಜೊತೆ ಮೂರು ಹೈಡ್ರೈಡ್ ಆದರೂ 18, ಕಬ್ಬಿಣ(2) ಜೊತೆ ಎಚ್2 ಆದರೂ 18. ಎಚ್2 ತನ್ನ ಬಂಧದ ಎಲೆಕ್ಟ್ರಾನ್ ಜೋಡಿಯನ್ನೇ ಲೋಹಕ್ಕೆ ಕೊಡುತ್ತದೆ. ಲೋಹ ತಿರುಗಿ ಎಚ್2ದ ಸಿಗ್ಮಾ-ಸ್ಟಾರ್‌ಗೆ (ತುಂಬಿದರೆ ಬಂಧ ಸಡಿಲಿಸುವ ಖಾಲಿ ಆರ್ಬಿಟಲ್) ಕೊಡುತ್ತದೆ. ತಿರುಗಿ ಕೊಡುವುದು ಜಾಸ್ತಿಯಾದರೆ ಎಚ್-ಎಚ್ ಮುರಿದು ಎರಡು ಹೈಡ್ರೈಡ್ ಆಗುತ್ತವೆ. ಇಲ್ಲಿ ಅಷ್ಟು ಆಗಿಲ್ಲ. ಎರಡು ಪ್ರೋಟಾನ್ ಅಷ್ಟು ಹತ್ತಿರ ಇರುವುದರಿಂದ ಒಂದನ್ನೊಂದು ಬೇಗ ರಿಲಾಕ್ಸ್ ಮಾಡಿಸುತ್ತವೆ (ಅಲುಗಿದ ಸ್ಥಿತಿಯಿಂದ ಸಹಜ ಸ್ಥಿತಿಗೆ ತರುತ್ತವೆ). ಅದಕ್ಕೇ ದಪ್ಪ, ಫಾಸ್ಫರಸ್‌ನ ಸಣ್ಣ ಸೀಳು ಅದರೊಳಗೇ ಮುಚ್ಚಿಹೋಗುತ್ತದೆ.

ಹರಳುಗಣ್ಣು: ಎಕ್ಸ್‌ರೇಯಲ್ಲಿ ಖಾಲಿ ಕಂಡದ್ದು ಖಾಲಿ ಅಲ್ಲ. ಭಾರದ ಲೋಹದ ಪಕ್ಕ ಹೈಡ್ರೋಜನ್ ಕಾಣುವುದೇ ಕಷ್ಟ. ಎಕ್ಸ್‌ರೇ ಬದಲು ಹರಳಿಗೆ ನ್ಯೂಟ್ರಾನ್ ಹಾಯಿಸಿ ನೋಡಬೇಕು. ಪೊಟ್ಯಾಸಿಯಂ ರೀನಿಯಂ ಹೈಡ್ರೈಡ್‌ನಲ್ಲಿ ರೀನಿಯಂಗೆ ಒಂಬತ್ತು ಎಚ್ ಅಂತ 1964ರಲ್ಲಿ ತೋರಿಸಿದ್ದೇ ನ್ಯೂಟ್ರಾನ್.

ಶಿಮ್‌ಮಾಸ್ಟರ್: ಕಬ್ಬಿಣ ಅಷ್ಟೇನೂ ಭಾರ ಅಲ್ಲ. ಒಳ್ಳೆ ಹರಳಿದ್ದರೆ ಎಕ್ಸ್‌ರೇ ಸಾಕು.

ಹರಳುಗಣ್ಣು: ಕಂಡರೂ ಬಂಧ ಗಿಡ್ಡವಾಗಿ ಬರುತ್ತದೆ. ಎಲೆಕ್ಟ್ರಾನ್ ಲೋಹದ ಕಡೆ ಸರಿದಿರುತ್ತದೆ, ಎಕ್ಸ್‌ರೇ ನೋಡುವುದು ಎಲೆಕ್ಟ್ರಾನನ್ನು. ರಸಾಯನಶಾಸ್ತ್ರಜ್ಞ ಕುಬಾಸ್ ಅವರ 1984ರ, ಇಡೀ ಎಚ್2 ಅಂಟಿದ ಟಂಗ್‌ಸ್ಟನ್ ಕಾಂಪ್ಲೆಕ್ಸ್‌ನಲ್ಲಿ ಎಚ್-ಎಚ್ 0.82 ಆಂಗ್‌ಸ್ಟ್ರಾಮ್ ಅಂತ ಹೇಳಿದ್ದು ನ್ಯೂಟ್ರಾನ್. ಬಿಡಿ ಎಚ್2ದಲ್ಲಿ 0.74.

ಕೋಲ್ಡ್‌ಪ್ರೋಬ್: ಟಿ1 (ಪ್ರೋಟಾನ್ ರಿಲಾಕ್ಸ್ ಆಗಲು ಹಿಡಿಯುವ ಕಾಲ) ಅಳೆಯಿರಿ. ನನ್ನ ಹತ್ತಿರ 600 ಮೆಗಾಹರ್ಟ್ಜ್ ಎನ್‌ಎಮ್‌ಆರ್ ಯಂತ್ರ ಇದೆ, ತಣ್ಣಗಿಟ್ಟ ಸೂಕ್ಷ್ಮ ಗ್ರಾಹಕ ಅಂದರೆ ಕ್ರಯೋಪ್ರೋಬ್ ಹಾಕಿದ್ದು. ಚೂರೇ ಸ್ಯಾಂಪಲ್ ಸಾಕು.

ಡಿ_ಆರು: ಟಿ1 ಸರಿ, ಆದರೆ ತಣ್ಣಗೆ ಮಾಡುತ್ತಾ ಹೋಗಿ ಕನಿಷ್ಠ ಬೆಲೆ ಹಿಡಿಯಬೇಕು. ಆ ಕನಿಷ್ಠ ಮ್ಯಾಗ್ನೆಟ್ ಜೊತೆ ಬದಲಾಗುತ್ತದೆ. 600ರ ಅಂಕಿಯನ್ನು 300ರ ಅಂಕಿಗೆ ನೇರ ಹೋಲಿಸಬೇಡಿ. ಇದಕ್ಕಿಂತ ಖಚಿತ ದಾರಿ ಡ್ಯೂಟೀರಿಯಂ (ಭಾರದ ಹೈಡ್ರೋಜನ್, ಡಿ) ಹಾಕಿದ ಆಮ್ಲ. ಎಚ್2ದ ಒಂದು ಎಚ್ ಜಾಗಕ್ಕೆ ಡಿ ಬಂದು ಎಚ್‌ಡಿ ಆದಾಗ 1:1:1 ಮೂರು ಗೆರೆ ಬರುತ್ತದೆ. ಬಿಡಿ ಎಚ್‌ಡಿಯ ಜೆ (ಆ ಗೆರೆಗಳ ನಡುವಿನ ಅಂತರ) 43 ಹರ್ಟ್ಜ್. ನಿಮ್ಮದು 30 ಹತ್ತಿರ ಬಂದರೆ ಎಚ್-ಎಚ್ ಸುಮಾರು 0.94 ಆಂಗ್‌ಸ್ಟ್ರಾಮ್. 1-2 ಹರ್ಟ್ಜ್ ಬಂದರೆ ನಾನು ಹೇಳಿದ್ದು ಬಿದ್ದುಹೋಯಿತು.

ಶಿಮ್‌ಮಾಸ್ಟರ್: ಅದಕ್ಕೂ ಶಿಮ್ ಚೆನ್ನಾಗಿರಬೇಕು.

ನಾಲ್ಕನೇಬೆಂಚು: ಡ್ಯೂಟೀರಿಯಂ ಆಮ್ಲ ಮಾಡಿಕೊಳ್ಳುತ್ತೇನೆ. ಟ್ಯೂಬ್ ನೈಟ್ರೋಜನ್ ಕೆಳಗಿತ್ತು, ಅದೇನಾದರೂ ತೊಂದರೆಯಾ?

ಡಿ_ಆರು: ಆರ್ಗಾನ್ ಹಾಕಿ! ಎಷ್ಟೋ ಕಾಂಪ್ಲೆಕ್ಸ್‌ಗಳಲ್ಲಿ ನೈಟ್ರೋಜನ್ ಬಂದು ಎಚ್2 ಜಾಗಕ್ಕೆ ಕೂರುತ್ತದೆ. ಎಷ್ಟು ಹೊತ್ತು ಇಟ್ಟಿದ್ದಿರಿ?

ಕೋಲ್ಡ್‌ಪ್ರೋಬ್: ಆರ್ಗಾನ್ ಅಂದರೆ ನೆನಪಾಯ್ತು, ನಮ್ಮ ಗ್ಲೋವ್‌ಬಾಕ್ಸ್ ಫೋಟೋ ಹಾಕಲಾ?