ಕಾಯುವ ಕಾಲದಲ್ಲಿ ನೀವು ಏನು ಮಾಡಿದಿರಿ?

ಪ್ರಶ್ನೆ:
ನಮ್ಮ ಮದುವೆಯಾಗಿ ಎಂಟು ವರ್ಷ ಆಗುತ್ತಾ ಬಂತು, ಮಕ್ಕಳಿಲ್ಲ. ನನಗೀಗ 34. ಸಭೆಯಲ್ಲಿ ಯಾರ ಹತ್ತಿರ ಹೇಳಿಕೊಂಡರೂ "ದೇವರ ಸಮಯಕ್ಕೆ ಕಾಯಮ್ಮ" ಅಂತಾರೆ. ಮೊದಮೊದಲು ಆ ಮಾತಿನಿಂದ ಸಮಾಧಾನ ಆಗುತ್ತಿತ್ತು. ಈಗ ಕೇಳಿದರೆ ಸಿಟ್ಟು ಬರುತ್ತದೆ. ಪ್ರಾರ್ಥನೆಗೆ ಕೂತರೆ ಮಾತೇ ಹೊರಡುವುದಿಲ್ಲ. ನಮ್ಮ ಯಜಮಾನರಂತೂ ಚರ್ಚಿಗೆ ಬರುವುದನ್ನೇ ಕಡಿಮೆ ಮಾಡಿದ್ದಾರೆ. ದೇವರ ಮೇಲಿನ ನಂಬಿಕೆ ಹೋಗಿಲ್ಲ, ಆದರೆ ಹೇಗೆ ಕಾಯಬೇಕು ಅಂತ ಗೊತ್ತಾಗುತ್ತಿಲ್ಲ. ಇಂಥದ್ದನ್ನು ದಾಟಿದವರು, ಇನ್ನೂ ದಾಟುತ್ತಿರುವವರು ನೀವು ಏನು ಮಾಡಿದಿರಿ ಹೇಳಿ. ಉಪದೇಶ ಬೇಡ, ಅನುಭವ ಸಾಕು.

ಬೆಟಗೇರಿಯಿಂದ ಒಬ್ಬ ಶಿಕ್ಷಕಿ:
ತಂಗಿ, ನನ್ನದು ಮಕ್ಕಳ ವಿಷಯ ಅಲ್ಲ. ನಮ್ಮ ತಾಯಿಗೆ ಲಕ್ವಾ ಹೊಡೆದು ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದರು. ಎದ್ದು ಓಡಾಡುವಂತಾಗಲಿ ಅಂತ ಬೇಡಿಕೊಂಡೆ. ಏಳಲಿಲ್ಲ, ಹಾಗೇ ತೀರಿಕೊಂಡರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸಭೆಯಲ್ಲಿ ಸಾಕ್ಷಿ ಹೇಳುವ ಹೊತ್ತಿಗೆ ಯಾವಾಗಲೂ ಉತ್ತರ ಸಿಕ್ಕವರೇ ಎದ್ದು ನಿಲ್ಲುತ್ತಾರೆ, ಅಲ್ವಾ?

ನನ್ನನ್ನು ಹಿಡಿದು ನಿಲ್ಲಿಸಿದ್ದು ಸತ್ಯವೇದದಲ್ಲಿ ದೇವರಿಗೇ ದೂರು ಹೇಳುವ ಕೀರ್ತನೆಗಳು. 13ನೇ ಕೀರ್ತನೆ ತೆಗೆದು ನೋಡಿ. ಮೊದಲ ಎರಡು ವಚನಗಳಲ್ಲೇ "ಎಷ್ಟರವರೆಗೆ" ಅಂತ ಕೀರ್ತನೆಗಾರ ನಾಲ್ಕು ಸಲ ಕೇಳುತ್ತಾನೆ. ಅದು ಕೊನೆಗೆ ಹಾಡಿಗೆ ತಿರುಗುತ್ತದೆ. 88ನೆಯದು ಹಾಗೆ ತಿರುಗುವುದೂ ಇಲ್ಲ, ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ. ಅದನ್ನು ಯಾರೂ ಕಿತ್ತು ಹಾಕಲಿಲ್ಲ, ಸತ್ಯವೇದದ ಒಳಗೇ ಇದೆ. ಹಾಗಾದರೆ ದೇವರ ಮುಂದೆ ಹೀಗೂ ಮಾತಾಡಬಹುದು. ಬಾಯಲ್ಲಿ ಮಾತು ಬರದ ದಿನ ಇವನ್ನೇ ಜೋರಾಗಿ ಓದುತ್ತಿದ್ದೆ. ನನ್ನ ಮಾತು ಸೇರಿಸಲು ಹೋಗಲಿಲ್ಲ. ಮಾತಿಲ್ಲದ ನರಳಾಟದಿಂದ ಪವಿತ್ರಾತ್ಮನೇ ನಮಗಾಗಿ ಬೇಡುತ್ತಾನೆ ಅಂತ ರೋಮಾಪುರದವರಿಗೆ ಪೌಲ ಬರೆದದ್ದು (8:26) ಆಗ ಅರ್ಥವಾಯಿತು.

ಸಿಟ್ಟನ್ನು ಮುಚ್ಚಿಟ್ಟುಕೊಂಡು ಪ್ರಾರ್ಥನೆಗೆ ಕೂತರೆ ಮಾತು ಹೊರಡುವುದಾದರೂ ಹೇಗೆ? ಸಿಟ್ಟಿನಿಂದಲೇ ಶುರು ಮಾಡಿ.

ಮಂಗಳೂರಿನಿಂದ ಒಬ್ಬ ಹಿರಿಯರು:
ನಾವು ಕಥೋಲಿಕರು. ನಮಗೂ ಮಕ್ಕಳಾಗಲಿಲ್ಲ, ಈಗ ಆ ವಯಸ್ಸೂ ದಾಟಿತು. ನಾನು ಸಣ್ಣದೊಂದು ವಿಷಯ ಹೇಳುತ್ತೇನೆ ಮಗಾ. ಕಷ್ಟ ಆಗುವುದು ಎಲ್ಲ ದಿನ ಅಲ್ಲ, ಕೆಲವು ದಿನ. ನನಗೆ ಮೊಂತಿ ಫೆಸ್ತ್, ಮರಿಯಮ್ಮನ ಹುಟ್ಟುಹಬ್ಬ. ಸೆಪ್ಟೆಂಬರ್ 8ಕ್ಕೆ ಮೊದಲು ಒಂಬತ್ತು ದಿನ ನೊವೆನಾ ಪ್ರಾರ್ಥನೆ. ಪುಟ್ಟ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಮರಿಯಮ್ಮನಿಗೆ ಅರ್ಪಿಸುತ್ತವೆ. ಹಬ್ಬದ ದಿನ ಹೊಸ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಕೊಡುತ್ತಾರೆ, ಮನೆಯವರೆಲ್ಲ ಸೇರಿ ಊಟ. ಎಲ್ಲರ ಮಕ್ಕಳು ಸಾಲಾಗಿ ಹೂ ಹಿಡಿದು ಹೋಗುವಾಗ ಬೆಂಚಿನಲ್ಲಿ ಕೂತು ನೋಡುವುದುಂಟಲ್ಲ, ಅದು.

ನಿಮಗೂ ಅಂಥ ದಿನಗಳು ಇರುತ್ತವೆ. ಯಾರದ್ದೋ ಮಗುವಿನ ದೀಕ್ಷಾಸ್ನಾನ, ಯಾರದ್ದೋ ಸೀಮಂತ. ಅವು ಯಾವಾಗ ಬರುತ್ತವೆ ಅಂತ ಮೊದಲೇ ನೋಡಿಟ್ಟುಕೊಳ್ಳಿ. ಒಂದೆರಡಕ್ಕೆ ಹೋಗದಿದ್ದರೆ ಪಾಪ ಏನೂ ಅಲ್ಲ. ನಾನು ಕೆಲವು ವರ್ಷ ಜನ ಕಡಿಮೆ ಇರುವ ಬೆಳಗ್ಗಿನ ಪೂಜೆಗೆ ಹೋಗಿ ಬಂದುಬಿಡುತ್ತಿದ್ದೆ. ಆಮೇಲೆ ಪಕ್ಕದ ಮನೆಯ ಹುಡುಗಿಗೆ ಹೂ ಕೊಯ್ದು ಬುಟ್ಟಿ ತುಂಬಿಸುವುದು ನನ್ನ ಕೆಲಸವೇ ಆಯಿತು. ಅದರಿಂದ ದುಃಖ ಹೋಯಿತು ಅಂತ ಹೇಳುವುದಿಲ್ಲ. ಕೈಗೊಂದು ಕೆಲಸ ಸಿಕ್ಕಿತು.

ನೊವೆನಾ ಮುಗಿದ ಕೂಡಲೇ ಕೇಳಿದ್ದು ಸಿಗಬೇಕು ಅಂತ ಲೆಕ್ಕ ಹಾಕಬೇಡಿ. ಯೇಸು ಸ್ವರ್ಗಕ್ಕೆ ಏರಿಹೋದ ಮೇಲೆ ಶಿಷ್ಯರು, ಮರಿಯಮ್ಮ ಎಲ್ಲ ಯೆರೂಸಲೇಮಿನ ಮೇಲಂತಸ್ತಿನಲ್ಲಿ ಕೂಡಿ ಪ್ರಾರ್ಥಿಸುತ್ತಾ ಕಾದರಲ್ಲ, ಅದೇ ಮೊದಲ ನೊವೆನಾ ಅಂತ ನಮ್ಮಲ್ಲಿ ಹೇಳುವುದು. ಅವರು ಒಬ್ಬೊಬ್ಬರೇ ಕೂತು ಕಾಯಲಿಲ್ಲ. ನೀವೂ ನಿಮ್ಮ ಜೊತೆ ಸುಮ್ಮನೆ ಕೂರುವವರು ಒಬ್ಬರನ್ನು ಹುಡುಕಿಕೊಳ್ಳಿ.

ಬೆಂಗಳೂರಿನಿಂದ ಒಬ್ಬರು:
ಸಿಸ್ಟರ್, ಗಂಡ ಹೆಂಡತಿ ಇಬ್ಬರೂ 21 ದಿನ ಉಪವಾಸ ಪ್ರಾರ್ಥನೆ ಮಾಡಿ. ಗುಪ್ತ ಪಾಪವೋ ಅಪನಂಬಿಕೆಯೋ ತಡೆಯಾಗಿರಬಹುದು, ಪರೀಕ್ಷಿಸಿಕೊಳ್ಳಿ. ನಂಬಿಕೆಯಿಂದ ತೊಟ್ಟಿಲು ಕೊಂಡು ಮನೆಯಲ್ಲಿಡಿ. ನಮ್ಮ ಕೂಟದಲ್ಲಿ ಹೀಗೆ ಮಾಡಿದ ಒಬ್ಬರಿಗೆ ಅದೇ ವರ್ಷ ಮಗು ಆಯಿತು. ಸ್ತೋತ್ರ.

ಧಾರವಾಡದ ಕಡೆಯ ಒಬ್ಬ ಸಭಾಪಾಲಕರು:
ಮೇಲಿನ ಸಹೋದರರು ಒಳ್ಳೆಯ ಮನಸ್ಸಿನಿಂದಲೇ ಬರೆದಿದ್ದಾರೆ. ಆದರೂ ಉತ್ತರ ಕೊಡದೆ ಬಿಡುವುದು ಸರಿಯಲ್ಲ. ಉಪವಾಸ ಬೇಡ ಅನ್ನುವುದಿಲ್ಲ. ಆದರೆ ಆ "ಗುಪ್ತ ಪಾಪ"ದ ಮಾತನ್ನು ತಲೆಗೆ ಹಾಕಿಕೊಳ್ಳಬೇಡಿ ತಂಗಿ. ಲೂಕನ ಸುವಾರ್ತೆಯ ಮೊದಲ ಅಧ್ಯಾಯ ಓದಿ. ಜಕರೀಯ, ಎಲಿಸಬೇತ್ ಇಬ್ಬರೂ ದೇವರ ಮುಂದೆ ನೀತಿವಂತರು ಅಂತ 6ನೇ ವಚನ ಹೇಳುತ್ತದೆ. ಅವರಿಗೆ ಮಕ್ಕಳಿರಲಿಲ್ಲ ಅಂತ 7ನೇ ವಚನ. ಲೂಕ ಬೇಕಂತಲೇ ಎರಡನ್ನೂ ಅಕ್ಕಪಕ್ಕ ಇಟ್ಟಿದ್ದಾನೆ ಅಂತ ನನಗೆ ಅನಿಸುತ್ತದೆ. ಊರವರು ಏನು ಮಾತಾಡಿಕೊಳ್ಳುತ್ತಾರೆ ಅಂತ ಅವನಿಗೆ ಗೊತ್ತಿತ್ತು. ತೊಟ್ಟಿಲನ್ನಂತೂ ತರಬೇಡಿ. ಖಾಲಿ ತೊಟ್ಟಿಲು ಮನೆಯಲ್ಲಿಟ್ಟುಕೊಂಡು ದಿನಾ ನೋಡುವ ಹಿಂಸೆ ಯಾರಿಗೂ ಬೇಡ.

ಇಂಥ ಮನೆಗಳಿಗೆ ಹೋದಾಗ ನಾನು ಓದುವುದು ಹನ್ನಳ ಕಥೆ, 1 ಸಮುವೇಲ 1. ಎಲ್ಲರೂ ಕೊನೆಗೆ ಸಮುವೇಲ ಹುಟ್ಟಿದ್ದನ್ನೇ ಹೇಳುತ್ತಾರೆ. ಅದಕ್ಕೆ ಮುಂಚೆ ಏನೇನಾಯಿತು ನೋಡಿ. ಸವತಿ ಪೆನಿನ್ನ ಕೆಣಕುತ್ತಾಳೆ. ಶೀಲೋವಿನ ಆಲಯದಲ್ಲಿ ಅಳುತ್ತಾ ತುಟಿ ಅಲುಗಿಸುತ್ತಿದ್ದವಳನ್ನು ಕಂಡು ಯಾಜಕ ಏಲಿ, ಇವಳು ಕುಡಿದಿದ್ದಾಳೆ ಅಂದುಕೊಂಡು ಗದರಿಸುತ್ತಾನೆ. (ನಮ್ಮಂಥ ಅಯ್ಯನವರು ಅಂದಿನಿಂದಲೂ ಹೀಗೇ!) ಅವಳು ಅದನ್ನು ಕೇಳಿಸಿಕೊಂಡು ಸುಮ್ಮನಿರಲಿಲ್ಲ. ಕುಡಿದಿಲ್ಲ ಸ್ವಾಮಿ, ಮನಸ್ಸಿನ ನೋವು ತೋಡಿಕೊಳ್ಳುತ್ತಿದ್ದೇನೆ ಅಂತ ತಿರುಗಿ ಹೇಳಿದಳು. ಆಮೇಲೆ ಹೋಗಿ ಊಟ ಮಾಡಿದಳು, ಮುಖ ಮೊದಲಿನಂತೆ ಬಾಡಿರಲಿಲ್ಲ ಅಂತ 18ನೇ ವಚನದಲ್ಲಿದೆ. ಆಗಿನ್ನೂ ಅವಳು ಗರ್ಭಿಣಿ ಆಗಿರಲಿಲ್ಲ. ಏಲಿ ಕೊಟ್ಟಿದ್ದು ಒಂದು ಹಾರೈಕೆ ಅಷ್ಟೇ. ಒಳಗಿದ್ದದ್ದನ್ನೆಲ್ಲ ದೇವರ ಮುಂದೆ ಸುರಿದು ಬಂದಿದ್ದಳು, ಅದಕ್ಕೇ ಅನ್ನ ಗಂಟಲಲ್ಲಿ ಇಳಿಯಿತು.

ಕಾಯಲಾರದೆ ಅವಸರ ಪಟ್ಟವರೂ ಇದ್ದಾರೆ. ಅಬ್ರಹಾಮ ಖಾರಾನ್ ಬಿಟ್ಟು ಹೊರಟಾಗ 75 ವರ್ಷ, ಇಸಾಕ ಹುಟ್ಟಿದಾಗ 100. ಆ ನಡುವೆ ಅವನೂ ಹೆಂಡತಿ ಸಾರಳೂ ದಾಸಿ ಹಾಗರಳಿಂದ ಮಗು ಪಡೆಯುವ ಏರ್ಪಾಡು ಮಾಡಿಕೊಂಡರು, ಅದರ ಪೆಟ್ಟು ಬಿದ್ದದ್ದು ಹಾಗರಳ ಮೇಲೆ. ದೇವರು ಅವಳ ಗೋಳನ್ನೂ ಕೇಳಿದ, ಅಬ್ರಹಾಮನ ಕೈಯನ್ನೂ ಬಿಡಲಿಲ್ಲ.

ನಿಮಗೆ ಮಗು ಆಗೇ ಆಗುತ್ತದೆ ಅಂತ ನಾನು ಮಾತು ಕೊಡಲಾರೆ. ಪೌಲ ತಾನು ಶರೀರದ ಮುಳ್ಳು ಅಂತ ಕರೆದ ಬಾಧೆ ಹೋಗಲಿ ಅಂತ ಮೂರು ಸಲ ಬೇಡಿಕೊಂಡ. ಮುಳ್ಳು ಹೋಗಲಿಲ್ಲ. "ನನ್ನ ಕೃಪೆಯೇ ನಿನಗೆ ಸಾಕು" ಅನ್ನುವ ಉತ್ತರ ಬಂತು. ಅದನ್ನು ಒಪ್ಪಿಕೊಳ್ಳಲು ಪೌಲನಿಗೆ ಎಷ್ಟು ದಿನ ಹಿಡಿಯಿತೋ, ಪತ್ರದಲ್ಲಿ ಬರೆದಿಲ್ಲ.

ಮೈಸೂರಿನಿಂದ ಒಬ್ಬ ನರ್ಸ್:
ಪ್ರಾರ್ಥನೆಯ ಮಾತು ಬೇಕಾದಷ್ಟು ಬಂತು, ನಾನು ಆಸ್ಪತ್ರೆಯ ಮಾತು ಹೇಳುತ್ತೇನೆ. ಇಬ್ಬರೂ ತೋರಿಸಿಕೊಂಡಿದ್ದೀರಾ? ನೀವು ಬರೆದಿಲ್ಲ, ಅದಕ್ಕೇ ಕೇಳಿದೆ. ಒಂದು ವರ್ಷ ಪ್ರಯತ್ನಿಸಿಯೂ ಆಗದಿದ್ದರೆ ಡಾಕ್ಟರನ್ನು ಕಾಣಬೇಕು, 35 ದಾಟಿದವರು ಆರು ತಿಂಗಳಿಗೇ. ನಾನು ನೋಡಿದ ಎಷ್ಟೋ ಮನೆಗಳಲ್ಲಿ ಹೆಂಡತಿ ಒಬ್ಬಳೇ ವರ್ಷಗಟ್ಟಲೆ ಮಾತ್ರೆ ನುಂಗಿರುತ್ತಾಳೆ, ಗಂಡ ಒಂದು ವೀರ್ಯ ಪರೀಕ್ಷೆಯನ್ನೂ ಮಾಡಿಸಿರುವುದಿಲ್ಲ. ಇರುವ ಪರೀಕ್ಷೆಗಳಲ್ಲೇ ಸುಲಭದ್ದು ಅದು. ಡಾಕ್ಟರ ಹತ್ತಿರ ಹೋದರೆ ನಂಬಿಕೆ ಕಡಿಮೆಯಾಯಿತು ಅಂತ ಯಾರಾದರೂ ಹೇಳಿದರೆ ಕೊಲೊಸ್ಸೆ 4:14 ತೋರಿಸಿ. ಪೌಲನ ಜೊತೆಗಿದ್ದ ಲೂಕ ವೈದ್ಯನೇ.

ಐವಿಎಫ್, ಅಂದರೆ ದೇಹದ ಹೊರಗೆ ಭ್ರೂಣ ಮಾಡಿ ಗರ್ಭದಲ್ಲಿಡುವ ಚಿಕಿತ್ಸೆಯ ಬಗ್ಗೆ ಎಲ್ಲ ಸಭೆಗಳದ್ದೂ ಒಂದೇ ಮಾತಲ್ಲ. ಕಥೋಲಿಕ ಸಭೆ ಒಪ್ಪುವುದಿಲ್ಲ. ಪ್ರಾಟೆಸ್ಟೆಂಟರಲ್ಲಿ ಹಲವರು ಒಪ್ಪುತ್ತಾರೆ, ಉಳಿದ ಭ್ರೂಣಗಳನ್ನು ಏನು ಮಾಡುವುದು ಅನ್ನುವ ಪ್ರಶ್ನೆ ಮಾತ್ರ ಕೆಲವರನ್ನು ಕಾಡುತ್ತದೆ. ಸಹಿ ಹಾಕುವ ಮುಂಚೆ ಇಬ್ಬರೂ ಕೂತು ಮಾತಾಡಿ.

ಇನ್ನೊಂದು. ಕ್ರೈಸ್ತರಿಗೆ ದತ್ತು ಇಲ್ಲ ಅಂತ ಈಗಲೂ ಹೇಳುವವರಿದ್ದಾರೆ. ಹಿಂದೆ 1890ರ ಕಾಯ್ದೆಯಲ್ಲಿ ಪಾಲಕರಾಗಲು ಮಾತ್ರ ಆಗುತ್ತಿತ್ತು, ನಿಜ. ಈಗ ಬಾಲನ್ಯಾಯ ಕಾಯ್ದೆಯಡಿ ಯಾವ ಧರ್ಮದವರೂ ದತ್ತು ತೆಗೆದುಕೊಳ್ಳಬಹುದು. ಕಾರಾ ಅನ್ನುವ ಕೇಂದ್ರ ಸರ್ಕಾರದ ಸಂಸ್ಥೆಯ ಮೂಲಕ ಹೆಸರು ನೋಂದಾಯಿಸಬೇಕು. ಅಲ್ಲೂ ವರ್ಷಗಟ್ಟಲೆ ಕಾಯಬೇಕು, ಅದನ್ನು ಮುಚ್ಚಿಡುವುದಿಲ್ಲ. ಮನಸ್ಸು ಒಪ್ಪಿದರೆ ಮಾತ್ರ.

ಶಿವಮೊಗ್ಗದಿಂದ ಒಬ್ಬ ತಾಯಿ:
ನನಗೆ ಮಗ ಇದ್ದಾನೆ, ಕುಡಿತಕ್ಕೆ ಬಿದ್ದಿದ್ದಾನೆ. ಹೀಗಾಗಿ ನಾನು ಕಾಯುವುದೇ ಬೇರೆ ಥರ. ನನಗೆ ಜೊತೆ ಆದದ್ದು ಸಂತ ಮೋನಿಕಾ. ಉತ್ತರ ಆಫ್ರಿಕಾದವಳು, ದಾರಿ ತಪ್ಪಿದ ಮಗ ಅಗಸ್ಟೀನನಿಗಾಗಿ ವರ್ಷಗಟ್ಟಲೆ ಅತ್ತವಳು. ಅವನು ತನ್ನನ್ನು ಬಿಟ್ಟು ಇಟಲಿಗೆ ಹೋಗದಿರಲಿ ಅಂತ ಅವಳು ಕಾರ್ಥೇಜಿನಲ್ಲಿ ಒಂದು ರಾತ್ರಿ ಪೂರ್ತಿ ಪ್ರಾರ್ಥಿಸುತ್ತಿದ್ದಾಗಲೇ ಅವನು ಸುಳ್ಳು ಹೇಳಿ ಹಡಗು ಹತ್ತಿಬಿಟ್ಟ. ಆ ಪ್ರಾರ್ಥನೆಗೆ ಉತ್ತರ ಸಿಗಲೇ ಇಲ್ಲ. ಆದರೆ ಇಟಲಿಗೆ ಹೋದದ್ದರಿಂದಲೇ ಮಿಲಾನಿನಲ್ಲಿ ಬಿಷಪ್ ಆಂಬ್ರೋಸರ ಮಾತು ಅವನ ಕಿವಿಗೆ ಬಿತ್ತು. 387ರ ಈಸ್ಟರಿನಲ್ಲಿ ಅವರಿಂದಲೇ ದೀಕ್ಷಾಸ್ನಾನ ಪಡೆದ. ಆ ರಾತ್ರಿ ಬೇಡಿಕೊಂಡದ್ದು ಸಿಕ್ಕಿದ್ದರೆ ಅವಳು ಇಷ್ಟು ವರ್ಷ ಕಾದದ್ದು ಸಿಗುತ್ತಿತ್ತೋ ಇಲ್ಲವೋ!

ನಿಮಗೆ ಇದು ಹೊಂದುತ್ತದೋ ಇಲ್ಲವೋ ಗೊತ್ತಿಲ್ಲ ಮಗಳೇ. ಮಗ ರಾತ್ರಿ ಮನೆಗೆ ಬರದ ದಿನ ನಾನು ಇದನ್ನೇ ನೆನೆಸಿಕೊಳ್ಳುತ್ತೇನೆ.

ಕುವೈತಿನಿಂದ, ಉಡುಪಿಯವರು:
ನಿಮ್ಮ ಯಜಮಾನರ ಬಗ್ಗೆ ಯಾರೂ ಬರೆಯಲಿಲ್ಲ. ನಾವೂ ನಿಮ್ಮ ಹಾಗೇ ಇನ್ನೂ ಕಾಯುತ್ತಿದ್ದೇವೆ, ನಾನೂ ಕೆಲವು ಕಾಲ ಚರ್ಚಿಗೆ ಹೋಗದೆ ಇದ್ದವನು. ದೇವರ ಮೇಲೆ ಕೋಪದಿಂದಲ್ಲ. ಆರಾಧನೆ ಮುಗಿದು ಹೊರಗೆ ಬಂದ ತಕ್ಷಣ "ಏನಾದರೂ ವಿಶೇಷ ಉಂಟಾ?" ಅಂತ ಕೇಳುತ್ತಾರಲ್ಲ, ಅದಕ್ಕೆ ಹೆದರಿ. ಗಂಡಸರಿಗೆ ಅಳುವುದಕ್ಕೂ ಜಾಗ ಇಲ್ಲ. ಹನ್ನಳ ಗಂಡ ಎಲ್ಕಾನನೂ "ಹತ್ತು ಗಂಡುಮಕ್ಕಳಿಗಿಂತ ನಾನು ನಿನಗೆ ಹೆಚ್ಚಲ್ಲವೇ" ಅಂತ ಕೇಳುತ್ತಾನೆ. ಪಾಪ, ಅವನಿಗೂ ಬೇರೆ ಮಾತು ಬರಲಿಲ್ಲ.

ನಮ್ಮಿಬ್ಬರಿಗೂ ಉಪಯೋಗಕ್ಕೆ ಬಂದದ್ದು ಯೆರೆಮೀಯ 29. ಅದರ 11ನೇ ವಚನ ಎಲ್ಲರ ಮನೆಯ ಗೋಡೆಯ ಮೇಲಿರುತ್ತದೆ, ಒಳ್ಳೆಯ ಭವಿಷ್ಯ, ನಿರೀಕ್ಷೆ ಅಂತ. ಅದರ ಹಿಂದಿನ ವಚನದಲ್ಲಿ 70 ವರ್ಷ ಅಂತ ಇರುವುದನ್ನು ಯಾರೂ ಫ್ರೇಮ್ ಹಾಕಿಸುವುದಿಲ್ಲ. ಬಾಬೆಲಿಗೆ ಸೆರೆ ಹೋದವರಿಗೆ ಬರೆದ ಪತ್ರ ಅದು. ಅಷ್ಟು ವರ್ಷ ಏನು ಮಾಡಬೇಕು ಅಂತ 5ನೇ ವಚನದಲ್ಲಿದೆ: ಮನೆ ಕಟ್ಟಿ, ತೋಟ ಮಾಡಿ, ಅದರ ಹಣ್ಣು ತಿನ್ನಿ. ನಾವು ಎಲ್ಲವನ್ನೂ "ಮಗು ಆದ ಮೇಲೆ" ಅಂತ ಮುಂದೆ ಹಾಕಿದ್ದೆವು. ಊರಿನ ಮನೆ ರಿಪೇರಿ, ಅವಳ ಎಂ.ಎ., ಇಬ್ಬರೂ ಒಟ್ಟಿಗೆ ಎಲ್ಲಾದರೂ ಹೋಗಿಬರುವುದು, ಎಲ್ಲ. ಈಗ ಒಂದೊಂದಾಗಿ ಮಾಡುತ್ತಿದ್ದೇವೆ. ಹೋದ ರಜೆಯಲ್ಲಿ ಮನೆಯ ಮಾಡು ಮುಗಿಯಿತು.

ನಿಮ್ಮ ಯಜಮಾನರು ಒಪ್ಪಿದರೆ ನನ್ನ ಜೊತೆ ಮಾತಾಡಲಿ. ಇಲ್ಲಿ ಶುಕ್ರವಾರ ಆರಾಧನೆ, ಮಧ್ಯಾಹ್ನದ ಮೇಲೆ ನನಗೆ ಬಿಡುವು. ಚರ್ಚಿನ ವಿಷಯ ನಾನಾಗಿ ಎತ್ತುವುದಿಲ್ಲ ಅಂತ ಅವರಿಗೆ ಮೊದಲೇ ಹೇಳಿಬಿಡಿ.